ಮಸೀದಿಗೆ ಕಂಬ, ಅರಮನೆಗೆ ಕಮಾನು: ಹಂಪಿಯ ನೆಲ ಕಲಿಸುವ ಹೊಸತನದ ಪಾಠ

ಹೊಸತನ್ನು ಎದುರುಗೊಳ್ಳುವಾಗ ನಮ್ಮ ಸಮಾಜದಲ್ಲಿ ಎರಡು ಬಗೆಯ ಅತಿರೇಕಗಳು ಕಾಣಿಸಿಕೊಳ್ಳುತ್ತವೆ. ಹೊಸದಾಗಿ ಬಂದುದೆಲ್ಲವೂ ಬಿದ್‌ಅತ್ ಎಂದು ಬೆದರಿ ಬಾಗಿಲು ಮುಚ್ಚಿಕೊಳ್ಳುವವರು ಒಂದು ಕಡೆ. ಹೊಸದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ತೂಗಿ ನೋಡದೆ ಮನೆಯೊಳಕ್ಕೆ ಬಿಟ್ಟುಕೊಳ್ಳುವವರು ಇನ್ನೊಂದು ಕಡೆ. ಮಗ ಯಂತ್ರ ಬಿಚ್ಚಿ ಜೋಡಿಸುತ್ತಾ ಕುಳಿತರೆ ಓದು ಕೆಟ್ಟಿತೆಂದು ಗದರುವ ಮನೆಗಳಿವೆ. ಮಗಳು ಕಸೂತಿಯಲ್ಲಿ ಹೊಸ ವಿನ್ಯಾಸ ತಂದರೆ ಅದು ವ್ಯಾಪಾರವಾಗಬಹುದೆಂದು ಯೋಚಿಸದ ಮನೆಗಳೂ ಇವೆ. ಹಾಗಾದರೆ ಸೃಜನಶೀಲತೆಯ ಬಗ್ಗೆ ನಮ್ಮ ಧರ್ಮದ ನಿಲುವೇನು? ನಾವು ಬದುಕುತ್ತಿರುವ ಈ ನೆಲದ ಇತಿಹಾಸ ಆ ಕುರಿತು ಏನು ಹೇಳುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬಗ್ದಾದಿಗೋ ಕುರ್ತುಬಾಕ್ಕೋ ಹೋಗಬೇಕಾಗಿಲ್ಲ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿಯೇ ಅದು ಕಲ್ಲಿನಲ್ಲಿ, ಗಾರೆಯಲ್ಲಿ, ಕಾಲುವೆಯ ನೀರಿನಲ್ಲಿ ಬರೆದಿಟ್ಟಿದೆ. ಆ ಬರಹವನ್ನು ಓದಲು ಯತ್ನಿಸೋಣ.

ದೀನ್ ಮತ್ತು ದುನಿಯಾದ ನಡುವಿನ ಗೆರೆ

ಮೊದಲು ಒಂದು ತತ್ವವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆರಾಧನೆಯ ವಿಷಯದಲ್ಲಿ ಅಲ್ಲಾಹನೂ ಅವನ ಪ್ರವಾದಿಯೂ(ಸ) ಕಲಿಸಿದ್ದಕ್ಕೆ ಹೊಸದನ್ನು ಸೇರಿಸಲು ಯಾರಿಗೂ ಅಧಿಕಾರವಿಲ್ಲ. ಬಿದ್‌ಅತ್ ಎಂಬ ಎಚ್ಚರಿಕೆ ಇರುವುದು ಅಲ್ಲಿ. ಲೌಕಿಕ ವ್ಯವಹಾರಗಳಲ್ಲಿಯಾದರೋ ನಿಷೇಧಕ್ಕೆ ಆಧಾರ ಸಿಗುವವರೆಗೆ ಅನುಮತಿಯೇ ಮೂಲ ನಿಯಮವೆಂದು ಫಿಕ್ಹ್ ವಿದ್ವಾಂಸರು ವಿವರಿಸಿದ್ದಾರೆ.

ಮದೀನಾದ ಖರ್ಜೂರ ಬೆಳೆಗಾರರ ಪ್ರಸಂಗ ಮುಸ್ಲಿಮ್ ಹದೀಸ್ ಗ್ರಂಥದಲ್ಲಿದೆ. ಅವರು ಗಂಡು ಮರದ ಹೂವಿನ ಪರಾಗವನ್ನು ಹೆಣ್ಣು ಮರಕ್ಕೆ ಸೇರಿಸುತ್ತಿದ್ದರು. ಪ್ರವಾದಿಯವರ(ಸ) ಅಭಿಪ್ರಾಯ ಕೇಳಿ ಅದನ್ನು ಕೈಬಿಟ್ಟಾಗ ಫಸಲು ಕುಗ್ಗಿತು. ಆಗ ಪ್ರವಾದಿಯವರು(ಸ), ಇಂತಹ ಲೌಕಿಕ ಕಸುಬಿನ ಸಂಗತಿಗಳನ್ನು ನೀವೇ ಹೆಚ್ಚು ಬಲ್ಲಿರಿ ಎಂಬರ್ಥದ ಮಾತು ಹೇಳಿದರು. ಕಸುಬುದಾರನ ಅನುಭವಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕೇ?

ಹಿಜರಿ 5ನೇ ವರ್ಷದ ಖಂದಕ್ ಯುದ್ಧವೂ ಇದನ್ನೇ ಸಾರುತ್ತದೆ. ನಗರದ ಸುತ್ತ ಕಂದಕ ತೋಡಿ ರಕ್ಷಿಸಿಕೊಳ್ಳುವ ಉಪಾಯ ಅರಬರ ರೂಢಿಯಲ್ಲಿರಲಿಲ್ಲ. ಅದು ಪರ್ಷಿಯಾದ ಪದ್ಧತಿ. ಸೂಚಿಸಿದವರು ಸಲ್ಮಾನುಲ್ ಫಾರಿಸಿ(ರ). ಪ್ರವಾದಿಯವರು(ಸ) ಅದನ್ನು ಸ್ವೀಕರಿಸಿದ್ದಲ್ಲದೆ ಸ್ವತಃ ಮಣ್ಣು ಹೊತ್ತರು. ಒಳ್ಳೆಯ ಉಪಾಯ ಯಾವ ನಾಡಿನದೆಂದು ಯಾರೂ ಕೇಳಲಿಲ್ಲ.

ಪವಿತ್ರ ಕುರ್‌ಆನಿನಲ್ಲಿ ಪ್ರವಾದಿಗಳ ಜೊತೆಗೆ ಅವರ ಕಸುಬುಗಳೂ ಉಲ್ಲೇಖಗೊಂಡಿವೆ. ದಾವೂದರಿಗೆ(ಅ) ಕಬ್ಬಿಣವನ್ನು ಮೃದುಗೊಳಿಸಿಕೊಟ್ಟುದನ್ನೂ ಕವಚದ ಕೊಂಡಿಗಳನ್ನು ಅಳತೆ ತಪ್ಪದಂತೆ ಜೋಡಿಸಬೇಕೆಂಬ ಆದೇಶವನ್ನೂ ಸಬಾ ಅಧ್ಯಾಯ(34:10-11) ತಿಳಿಸುತ್ತದೆ. ನೂಹರು(ಅ) ಹಡಗು ಕಟ್ಟಿದರು. ಸುಲೈಮಾನರ(ಅ) ಅರಮನೆಯ ಗಾಜಿನ ನೆಲವನ್ನು ಕಂಡ ಸಬಾದ ರಾಣಿ ಅದನ್ನು ನೀರೆಂದೇ ಭಾವಿಸಿದಳು. ವಿಜ್ಞಾನ, ಶಿಲ್ಪ, ಕಮ್ಮಾರಿಕೆಗಳು ಈಮಾನಿಗೆ ಹೊರಗಿನವುಗಳಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತುಂಗಭದ್ರೆಯ ತೀರಕ್ಕೆ ಬರೋಣ.

ಕಂಪ್ಲಿ: ಆಶ್ರಯ ನೀಡಿದ ರಾಜ್ಯ

ವಿಜಯನಗರಕ್ಕಿಂತ ಮೊದಲು ಈ ಸೀಮೆಯಲ್ಲಿ ಹೆಸರು ಮಾಡಿದ್ದು ಕಂಪಿಲಿ ರಾಜ್ಯ. ಇಂದಿನ ಕಂಪ್ಲಿ ಪಟ್ಟಣ ಆ ಹೆಸರನ್ನು ಉಳಿಸಿಕೊಂಡಿದೆ. ಕುಮಾರರಾಮನ ಕಥೆಯ ಮೂಲಕ ಕನ್ನಡಿಗರೆಲ್ಲರಿಗೂ ಪರಿಚಿತವಾದ ರಾಜ್ಯವಿದು. ಆದರೆ ಅದರ ಪತನಕ್ಕೆ ಒಬ್ಬ ಮುಸ್ಲಿಮ್ ಸರದಾರನಿಗೆ ನೀಡಿದ ಆಶ್ರಯ ಕಾರಣವಾಯಿತೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಸೋದರತ್ತೆಯ ಮಗ ಬಹಾಉದ್ದೀನ್ ಗುರ್ಶಾಸ್ಪ್ ದಂಗೆಯೆದ್ದನು. ಸೋತು ಓಡಿಬಂದ ಅವನಿಗೆ ಕಂಪಿಲರಾಯನು ಆಶ್ರಯವಿತ್ತನು. ಸುಲ್ತಾನನ ಸೇನೆ ಮುತ್ತಿಗೆ ಹಾಕಿದಾಗಲೂ ಶರಣು ಬಂದವನನ್ನು ಒಪ್ಪಿಸಲಿಲ್ಲ. ಅವನನ್ನು ಸುರಕ್ಷಿತವಾಗಿ ಹೊಯ್ಸಳರ ಸೀಮೆಗೆ ಕಳುಹಿಸಿ ತಾನು ಹೋರಾಡುತ್ತಾ ಮಡಿದನು. 1327ರ ಸುಮಾರಿಗೆ ಕಂಪಿಲಿ ಅಳಿಯಿತು. ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತಾ ಈ ಘಟನೆಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಸೆರೆಯಾಗಿ ದೆಹಲಿಗೆ ಹೋಗಿ ಇಸ್ಲಾಮ್ ಸ್ವೀಕರಿಸಿದ ಕಂಪಿಲರಾಯನ ಮಕ್ಕಳನ್ನು ತಾನು ಕಂಡುದಾಗಿಯೂ ಹೇಳಿದ್ದಾನೆ.

ಹೊಸತನದ ಚರ್ಚೆಯಲ್ಲಿ ಈ ಕಥೆಗೇನು ಕೆಲಸವೆಂದು ಕೇಳಬಹುದು. ಯಾವ ನಾಡಿನಲ್ಲಿ ಬಂದವನಿಗೆ ಬಾಗಿಲು ತೆರೆಯುತ್ತದೆಯೋ ಆ ನಾಡಿಗೆ ಅವನ ಹಿಂದೆ ಅವನ ವಿದ್ಯೆಯೂ ಬರುತ್ತದೆ. ತುಂಗಭದ್ರಾ ತೀರದ ಮುಂದಿನ 200 ವರ್ಷಗಳ ವೈಭವಕ್ಕೆ ಈ ತೆರೆದ ಬಾಗಿಲು ಒಂದು ಮುಖ್ಯ ಕಾರಣವಾಗಿತ್ತು.

ಅಹ್ಮದ್ ಖಾನನ ಧರ್ಮಶಾಲೆ

1336ರಲ್ಲಿ ಸ್ಥಾಪನೆಯಾಯಿತೆಂದು ಪರಂಪರೆ ಹೇಳುವ ವಿಜಯನಗರವು ಇಮ್ಮಡಿ ದೇವರಾಯನ ಕಾಲಕ್ಕೆ (1424-1446) ದೊಡ್ಡ ಶಕ್ತಿಯಾಗಿ ಬೆಳೆದಿತ್ತು. ಆದರೂ ಬಹಮನಿ ಸುಲ್ತಾನರೆದುರು ಅದಕ್ಕೆ ಹಿನ್ನಡೆಯಾಗುತ್ತಿತ್ತು. ಇದಕ್ಕೆ ಕಾರಣವೇನೆಂದು ದೇವರಾಯನು ತನ್ನವರನ್ನು ಕೂಡಿಸಿ ವಿಚಾರಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಎದುರಾಳಿಯ ಬಳಿ ಉತ್ತಮ ಕುದುರೆಗಳೂ ಕುಶಲ ಬಿಲ್ಲಾಳುಗಳೂ ಇದ್ದಾರೆಂಬ ಉತ್ತರ ಬಂತು. ದೇವರಾಯನು ಅಭಿಮಾನಭಂಗವೆಂದು ಭಾವಿಸದೆ ಮುಸ್ಲಿಮ್ ಯೋಧರನ್ನು ಸೇನೆಗೆ ಸೇರಿಸಿಕೊಂಡನು. ಅವರಿಗೆ ಜಹಗೀರು ನೀಡಿದನು, ನಗರದಲ್ಲಿ ಮಸೀದಿ ಕಟ್ಟಿಸಿದನು. ಅವರು ವಂದಿಸುವಾಗ ಧರ್ಮಸಂಕಟವಾಗದಿರಲೆಂದು ಸಿಂಹಾಸನದ ಮುಂದೆ ಕುರ್‌ಆನಿನ ಪ್ರತಿಯನ್ನು ಇರಿಸಿದನೆಂದೂ ಫಿರಿಶ್ತಾ ಹೇಳುತ್ತಾನೆ.

ಫಿರಿಶ್ತಾ ಬರೆದದ್ದು ಬಹುಕಾಲದ ನಂತರ. ಆದರೆ ಅದೇ ಕಾಲದ ಸಾಕ್ಷಿಯೊಂದು ಇಂದಿಗೂ ಕಮಲಾಪುರದಿಂದ ತಳಾರಿಘಟ್ಟದ ಕಡೆಗೆ ಹೋಗುವ ದಾರಿಯ ಬದಿಯಲ್ಲಿ ನಿಂತಿದೆ. ಅದು ಅಹ್ಮದ್ ಖಾನನ ಮಸೀದಿ. ಅದರ ಶಾಸನ 1439ನೇ ಇಸವಿಯದು, ಕನ್ನಡದಲ್ಲಿದೆ. ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನನು ತನ್ನ ಅರಸನಿಗೆ ಪುಣ್ಯವಾಗಲೆಂದು ಈ ಧರ್ಮಶಾಲೆಯನ್ನು ಕಟ್ಟಿಸಿದನೆಂಬುದು ಅದರ ಸಾರ. ಮಸೀದಿಗೆ ಅವನು ಬಳಸಿದ ಪದ ಧರ್ಮಶಾಲೆ.

ಆ ಕಟ್ಟಡವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಮಸೀದಿಯೆಂದ ಕೂಡಲೇ ಗುಮ್ಮಟ, ಮಿನಾರು, ಕಮಾನುಗಳನ್ನು ನಿರೀಕ್ಷಿಸುತ್ತೇವೆ. ಇಲ್ಲಿ ಅವು ಯಾವುವೂ ಇಲ್ಲ. ಹಂಪಿಯ ಯಾವುದೇ ಮಂಟಪದಂತೆ ಕಲ್ಲಿನ ಕಂಬಗಳು, ಅವುಗಳ ಮೇಲೆ ತೊಲೆಗಳು, ಅವುಗಳ ಮೇಲೆ ಚಪ್ಪಟೆ ಚಾವಣಿ. ಆದರೆ ಕಿಬ್ಲಾದ ಗೋಡೆಯಲ್ಲಿ ಮಿಹ್ರಾಬ್ ಇದೆ. ನಮಾಝಿನ ದಿಕ್ಕು ಅಚಲ, ಅದರಲ್ಲಿ ಹೊಂದಾಣಿಕೆಯಿಲ್ಲ. ಕಂಬ, ಚಾವಣಿಗಳು ಈ ನೆಲದವು, ಅವುಗಳಲ್ಲಿ ಹಠವಿಲ್ಲ. ಪಕ್ಕದಲ್ಲಿಯೇ ಇರುವ ಗೋರಿ ಕಟ್ಟಡ ಬಹಮನಿ ಮಾದರಿಯ ಗುಮ್ಮಟ ಹೊತ್ತಿದೆ. ಅಂದಮೇಲೆ ಗುಮ್ಮಟ ಕಟ್ಟಲು ಬಾರದೆ ಮಸೀದಿಗೆ ಕಂಬಗಳನ್ನು ನಿಲ್ಲಿಸಿದರೆನ್ನುವಂತಿಲ್ಲ. ಅದು ಉದ್ದೇಶಪೂರ್ವಕ ಆಯ್ಕೆ.

ಸುತ್ತಲಿನ ಜನ ಇದನ್ನು ಕಂಡಾಗ ಪರಕೀಯ ಕಟ್ಟಡವೆಂದು ಅನಿಸಿರಲಾರದು. ಅವರ ಭಾಷೆಯಲ್ಲಿ, ಅವರ ಶಿಲ್ಪದಲ್ಲಿ, ಅವರು ಬಲ್ಲ ಧರ್ಮಶಾಲೆಯೆಂಬ ಹೆಸರಿನಲ್ಲಿ ಅಲ್ಲಾಹನ ಭವನವೊಂದು ಎದ್ದುನಿಂತಿತ್ತು. ನಮ್ಮ ಗುರುತನ್ನು ಬಿಟ್ಟುಕೊಡದೆಯೇ ನೆರೆಹೊರೆಯವರಿಗೆ ಅರ್ಥವಾಗುವಂತೆ ಬದುಕುವುದೂ ಒಂದು ಸೃಜನಶೀಲತೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ಹಾದಿಯಲ್ಲಿನ ಕಡಿರಾಂಪುರದಲ್ಲಿಯೂ ಗುಮ್ಮಟವುಳ್ಳ ಎರಡು ಹಳೆಯ ಗೋರಿಗಳಿವೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ನಗರದಲ್ಲಿದ್ದ ಮುಸ್ಲಿಮರ ಕೇರಿಯನ್ನು ಉಲ್ಲೇಖಿಸಿ, ಅವರಲ್ಲಿ ಅನೇಕರು ಇದೇ ನಾಡಿನವರು, ಅರಸನ ಕಾವಲಿನಲ್ಲಿರುವವರು ಎಂದಿದ್ದಾನೆ. ಈ ನೆಲದಲ್ಲಿ ನಮ್ಮ ಹಿರಿಯರು ಅತಿಥಿಗಳಷ್ಟೇ ಆಗಿರಲಿಲ್ಲ.

ಆನೆಗೆ ಬೇಕಾದ ಗುಮ್ಮಟ

ಈಗ ಎದುರು ದಿಕ್ಕಿನಿಂದ ನೋಡೋಣ. ಮುಸ್ಲಿಮ್ ಅಧಿಕಾರಿಯ ಮಸೀದಿಗೆ ದೇಸೀ ಕಂಬಗಳು ಬಂದಂತೆ ರಾಯರ ಅರಮನೆಯ ಆವರಣಕ್ಕೆ ಕಮಾನು, ಗುಮ್ಮಟಗಳು ಬಂದವು.

ಕಲ್ಲಿನ ಕಂಬದ ಮೇಲೆ ಕಲ್ಲಿನ ತೊಲೆಯಿಟ್ಟು ಕಟ್ಟುವ ಪದ್ಧತಿಗೆ ಒಂದು ಮಿತಿಯಿದೆ. ತೊಲೆ ತೀರ ಉದ್ದವಾದರೆ ತನ್ನದೇ ಭಾರಕ್ಕೆ ಸೀಳುತ್ತದೆ. ಆದ್ದರಿಂದ ಮಂಟಪ ಹಿಗ್ಗಿದಂತೆ ಕಂಬಗಳ ಸಂಖ್ಯೆಯೂ ಹೆಚ್ಚಲೇಬೇಕು. ಕಮಾನಿನಲ್ಲಿ ಹಾಗಲ್ಲ. ಸಣ್ಣ ಸಣ್ಣ ತುಂಡುಗಳು ಒಂದನ್ನೊಂದು ಒತ್ತಿ ಹಿಡಿದು ಭಾರವನ್ನು ಎರಡೂ ಬದಿಯ ಗೋಡೆಗಳಿಗೆ ಇಳಿಸುತ್ತವೆ. ಕಮಾನನ್ನು ಸುತ್ತಲೂ ತಿರುಗಿಸಿದರೆ ಗುಮ್ಮಟ. ಅದರಡಿಯಲ್ಲಿ ನಡುಗಂಬವಿಲ್ಲದ ಬಯಲು ದೊರೆಯುತ್ತದೆ.

ಆನೆಗೆ ಬೇಕಾದುದು ಇಂತಹ ಬಯಲೇ. ಹಂಪಿಯ ಆನೆಲಾಯದಲ್ಲಿ ಒಂದೇ ಸಾಲಿನಲ್ಲಿ 11 ವಿಶಾಲ ಕೋಣೆಗಳಿವೆ. ಎತ್ತರದ ಕಮಾನು ಬಾಗಿಲುಗಳ ಮೇಲೆ ಗುಮ್ಮಟಗಳಿವೆ. ಅವುಗಳಲ್ಲಿ ಕೆಲವು ನುಣುಪು, ಕೆಲವು ಪಟ್ಟೆ ಪಟ್ಟೆ, ಕೆಲವು ಎಂಟು ಮೂಲೆಯವು. ಎಡಬಲಗಳು ಒಂದಕ್ಕೊಂದು ಸರಿಹೊಂದುತ್ತವೆ. ಸುಲ್ತಾನರ ನಾಡಿನಲ್ಲಿ ಬೆಳೆದ ವಿದ್ಯೆ ಇಲ್ಲಿ ರಾಯರ ಆನೆಗಳಿಗೆ ನೆರಳಾಯಿತು.

ಕಮಲ ಮಹಲಿನಲ್ಲಿ ಈ ಬೆರಕೆ ಇನ್ನಷ್ಟು ಸೊಗಸಾಗಿದೆ. ತಳಪಾಯ ದೇವಾಲಯದ ಅಧಿಷ್ಠಾನದಂತಿದೆ. ಮೇಲೆ ದಳದಳವಾಗಿ ಬಾಗಿದ ಕಮಾನುಗಳು, ಒಳಗೆ ಗುಮ್ಮಟದ ಚಾವಣಿ, ಹೊರಗೆ ದೇವಾಲಯದ ಶಿಖರವನ್ನು ನೆನಪಿಸುವ ಮಾಡುಗಳು. ಗಾರೆಯ ಅಲಂಕಾರ ಎರಡೂ ಪರಂಪರೆಗಳನ್ನು ಬೆಸೆಯುತ್ತದೆ. ಇದನ್ನು ಗುಲ್ಬರ್ಗದ ಕಟ್ಟಡವೆನ್ನಲಾಗದು, ತಂಜಾವೂರಿನದೆನ್ನಲೂ ಆಗದು. ಎರಡನ್ನೂ ಬಲ್ಲ ಕೈಗಳು ಮೂರನೆಯದನ್ನು ಹುಟ್ಟಿಸಿದವು.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ವಿಜಯನಗರದ ಶಿಲ್ಪಿಗಳು ಅರಮನೆ, ಸ್ನಾನಗೃಹ, ಕಾವಲುಗೋಪುರ, ಲಾಯಗಳಲ್ಲಿ ಹೊಸ ರೂಪಗಳನ್ನು ಧಾರಾಳವಾಗಿ ಬಳಸಿದರು. ಗರ್ಭಗುಡಿಯ ರೂಪವನ್ನು ಮಾತ್ರ ತಮ್ಮ ಪರಂಪರೆಯಂತೆಯೇ ಉಳಿಸಿಕೊಂಡರು. ಅಹ್ಮದ್ ಖಾನನೂ ಅಷ್ಟೇ: ಕಿಬ್ಲಾ, ಮಿಹ್ರಾಬುಗಳನ್ನು ಉಳಿಸಿಕೊಂಡು ಉಳಿದುದನ್ನು ನೆಲದಿಂದ ಪಡೆದನು. ಪೂಜೆಯ ತಿರುಳನ್ನು ಕಾಪಾಡಿಕೊಂಡು ಬದುಕಿನ ವಿದ್ಯೆಗಳನ್ನು ಹಂಚಿಕೊಳ್ಳಬೇಕೆಂಬ ವಿವೇಕ ಇಬ್ಬರಲ್ಲಿಯೂ ಇತ್ತು. ಹಾಗೆ ಮಾಡಿದ್ದರಿಂದ ಯಾರ ಧರ್ಮವೂ ಕರಗಿಹೋಗಲಿಲ್ಲ.

ಉಡುಗೆಯಲ್ಲಿಯೂ ಇದೇ ಕೊಡುಕೊಳೆ ನಡೆಯಿತು. ರಾಯರ ದರ್ಬಾರಿನವರು ಕಬಾಯಿಯನ್ನೂ ಎತ್ತರದ ಕುಲ್ಲಾಯಿಯನ್ನೂ ಧರಿಸುತ್ತಿದ್ದರು. ಮೊದಲನೆಯದು ಅರಬಿಯ ಕಬಾ, ಎರಡನೆಯದು ಫಾರಸಿಯ ಕುಲಾಹ್. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೆ ಇಂತಹ ಎತ್ತರದ ಟೊಪ್ಪಿಗೆಯಿದೆ. ಕನ್ನಡದ ತಾಯಂದಿರು ಹಸುಗೂಸಿಗೆ ತೊಡಿಸುವ ಕುಲಾವಿಯ ಹೆಸರೂ ಅದೇ ಬೇರಿನಿಂದ ಬಂದುದು. ವಿಜಯನಗರದ ಅರಸರು ಹಿಂದೂರಾಯ ಸುರತ್ರಾಣ ಎಂಬ ಬಿರುದನ್ನು ಶಾಸನಗಳಲ್ಲಿ ಹೆಮ್ಮೆಯಿಂದ ಬರೆಸಿಕೊಂಡರು. ಸುರತ್ರಾಣವೆಂದರೆ ಸುಲ್ತಾನ.

ಕುದುರೆ ವ್ಯಾಪಾರ ಮತ್ತು ವಿಶ್ವಾಸ

ಹೊಸತನ ಬೆಳೆಯಲು ಕುಶಲಕರ್ಮಿಯೊಬ್ಬನೇ ಸಾಲದು, ವ್ಯಾಪಾರಿಯೂ ಬೇಕು. ದಕ್ಷಿಣದ ಹವೆಯಲ್ಲಿ ಉತ್ತಮ ಯುದ್ಧದ ಕುದುರೆಗಳ ಸಾಕಣೆ ಕಷ್ಟಸಾಧ್ಯವಾಗಿತ್ತು. ಅವು ಅರೇಬಿಯಾ, ಪರ್ಷಿಯಾಗಳಿಂದ ಹುರ್ಮುಝಿನ ಮೂಲಕ ಭಟ್ಕಳ, ಗೋವಾಗಳಂತಹ ಬಂದರುಗಳಿಗೆ ಬಂದು, ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿಯೂ ಮಹಾನವಮಿ ದಿಬ್ಬದಲ್ಲಿಯೂ ಸಾಲು ಸಾಲು ಕುದುರೆಗಳು, ಅವುಗಳ ಪಕ್ಕದಲ್ಲಿ ವಿದೇಶೀ ಉಡುಗೆಯ ಜನರು ಕೆತ್ತಲ್ಪಟ್ಟಿದ್ದಾರೆ. ಕುದುರೆಯ ಜೊತೆಗೆ ಜೀನು, ಲಗಾಮು, ಸವಾರ ಎಂಬ ಪದಗಳೂ ಕನ್ನಡಕ್ಕೆ ಬಂದು ನೆಲೆಸಿದವು.

ಈ ವ್ಯಾಪಾರದ ಒಂದು ವಿವರ ಬಹಳ ಸ್ವಾರಸ್ಯಕರ. ಸಮುದ್ರಯಾನದಲ್ಲಿ ಕುದುರೆಗಳು ಸಾಯುವುದು ಸಾಮಾನ್ಯವಾಗಿತ್ತು. ಸಾಳುವ ನರಸಿಂಹನು ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನು, ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು ಎಂದು ಪೋರ್ಚುಗೀಸ್ ಲೇಖಕ ನುನಿಜ್ ಬರೆಯುತ್ತಾನೆ. ನಷ್ಟದ ಭಾರವನ್ನು ವ್ಯಾಪಾರಿಯೊಬ್ಬನ ತಲೆಗೇ ಹೊರಿಸದೆ ಕೊಳ್ಳುವವನೂ ಹಂಚಿಕೊಂಡ ವ್ಯವಸ್ಥೆಯಿದು. ಲಾಭನಷ್ಟಗಳಲ್ಲಿ ಪಾಲುದಾರಿಕೆ ಇರಬೇಕೆಂಬ ಇಸ್ಲಾಮೀ ವ್ಯಾಪಾರ ನೀತಿಯ ಆಶಯವೂ ಇದಕ್ಕೆ ದೂರದ್ದಲ್ಲ. ಮುದಾರಬದಲ್ಲಿ ಹಣ ಹಾಕಿದವನು ಹಣದ ನಷ್ಟವನ್ನು ಹೊರುತ್ತಾನೆ, ದುಡಿದವನು ದುಡಿಮೆಯ ನಷ್ಟವನ್ನು ಹೊರುತ್ತಾನೆ. ಅಪಾಯ ಹಂಚಿಕೆಯಾದಾಗಲೇ ಮನುಷ್ಯನಿಗೆ ಹೊಸ ದಾರಿ ತುಳಿಯುವ ಧೈರ್ಯ ಬರುವುದು.

1443ರಲ್ಲಿ ಹೆರಾತಿನ ಅರಸ ಶಾರುಖನ ರಾಯಭಾರಿಯಾಗಿ ಬಂದ ಅಬ್ದುರ್ರಝಾಕ್ ವಿಜಯನಗರವನ್ನು ಕಂಡು ಬೆರಗಾದನು. ಒಂದರೊಳಗೊಂದರಂತಿದ್ದ ಏಳು ಕೋಟೆಗಳನ್ನೂ, ಅರಮನೆಯ ಬಳಿ ನುಣ್ಣಗೆ ಕಡೆದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರನ್ನೂ, ಬಜಾರಿನಲ್ಲಿ ಮುತ್ತು ಮಾಣಿಕ್ಯಗಳನ್ನು ಬಹಿರಂಗವಾಗಿಟ್ಟು ಮಾರುವ ರತ್ನವ್ಯಾಪಾರಿಗಳನ್ನೂ ಆತ ವರ್ಣಿಸಿದ್ದಾನೆ. ಬೆಲೆಬಾಳುವ ಸರಕನ್ನು ಬೀದಿಯಲ್ಲಿ ಹರಡಿ ಕುಳಿತುಕೊಳ್ಳಬೇಕಾದರೆ ಕಾನೂನಿನ ಮೇಲೂ ನೆರೆಯವನ ಮೇಲೂ ಎಷ್ಟು ಭರವಸೆಯಿರಬೇಕು! ಅಮಾನತ್ ಇಲ್ಲದ ಪೇಟೆಯಲ್ಲಿ ಯಾವ ಪ್ರತಿಭೆಯೂ ಬಹುಕಾಲ ನಿಲ್ಲದು.

ನೀರಿನ ವಿದ್ಯೆ

ಹಂಪಿಯ ಸೀಮೆ ಬಂಡೆಗಳ ನಾಡು, ಮಳೆ ಕಡಿಮೆ. ಇಲ್ಲಿ ಲಕ್ಷಾಂತರ ಜನರ ನಗರ ನಿಂತದ್ದು ನೀರಿನ ವಿದ್ಯೆಯಿಂದ. ನದಿಯಲ್ಲಿರುವ ಬಂಡೆಗಳನ್ನೇ ಆಸರೆಯಾಗಿಸಿಕೊಂಡು ನಡುವಿನ ತೆರಪುಗಳಿಗೆ ದೊಡ್ಡ ಕಲ್ಲುಗಳನ್ನು ಜೋಡಿಸಿ ಅಣೆಕಟ್ಟುಗಳನ್ನು ಕಟ್ಟಿದರು. ಅವು ನದಿಯನ್ನು ತಡೆದು ನಿಲ್ಲಿಸುವಂಥವಲ್ಲ. ಮಟ್ಟವನ್ನು ತುಸು ಎತ್ತರಿಸಿ ಒಂದು ಪಾಲನ್ನು ಕಾಲುವೆಗೆ ತಿರುಗಿಸುವಂಥವು. ಪ್ರವಾಹ ಬಂದರೆ ನೀರು ಮೇಲಿಂದ ಹರಿದುಹೋಗುತ್ತದೆ. ಹಂಪಿಯ ತುರ್ತಾ ಕಾಲುವೆ ಇಂದಿಗೂ ಬಾಳೆ, ಕಬ್ಬು, ಭತ್ತದ ಹೊಲಗಳಿಗೆ ನೀರುಣಿಸುತ್ತಿದೆ. ರಾಯ, ಬಸವಣ್ಣ ಕಾಲುವೆಗಳೂ ಜೀವಂತವಾಗಿವೆ. ಕಂಪ್ಲಿಯ ಗದ್ದೆಗಳಿಗೂ ಅದೇ ಕಾಲದ ಕಾಲುವೆಯಿದೆ.

ಹೊಸಪೇಟೆಯ ಹುಟ್ಟಿನ ಕಥೆಯೂ ನೀರಿನ ಕಥೆಯೇ. ಕೃಷ್ಣದೇವರಾಯನು ತನ್ನ ರಾಣಿ ನಾಗಲಾದೇವಿಯ ಹೆಸರಿನಲ್ಲಿ ನಾಗಲಾಪುರವೆಂಬ ಹೊಸ ಪೇಟೆಯನ್ನು ಕಟ್ಟಿಸಿದನು. ಅದರ ಬಳಿ ಬೆಟ್ಟಗಳ ನಡುವೆ ಭಾರೀ ಏರಿ ಹಾಕಿ ಕೆರೆ ನಿರ್ಮಿಸುವಾಗ 15ರಿಂದ 20 ಸಾವಿರ ಜನರು ದುಡಿಯುತ್ತಿದ್ದರೆಂದು ಪಾಯೆಸ್ ಅಂದಾಜಿಸಿದ್ದಾನೆ. ಈ ಕೆಲಸಕ್ಕಾಗಿ ಅರಸನು ಗೋವಾದಿಂದ ಪೋರ್ಚುಗೀಸ್ ಕಲ್ಲುಕೆಲಸದ ತಜ್ಞನೊಬ್ಬನನ್ನು ಕರೆಸಿಕೊಂಡನೆಂದು ನುನಿಜ್ ಹೇಳುತ್ತಾನೆ. ಹೊಸ ನೀರು ಬಂದ ಭೂಮಿಯನ್ನು ಸಾಗುವಳಿಗೆ ತರುವ ರೈತರಿಗೆ ಒಂಬತ್ತು ವರ್ಷಗಳ ತೆರಿಗೆ ವಿನಾಯಿತಿ ದೊರೆಯಿತೆಂದೂ ಅವನೇ ತಿಳಿಸಿದ್ದಾನೆ. ವಿದ್ಯೆಯನ್ನು ಯಾರಿಂದಲಾದರೂ ಕಲಿಯುವ ವಿನಯವನ್ನೂ, ಹೊಸದಾಗಿ ಆರಂಭಿಸಿದವನಿಗೆ ಬೇರೂರಲು ಅವಕಾಶ ನೀಡುವ ತಾಳ್ಮೆಯನ್ನೂ ಇಲ್ಲಿ ಕಾಣುತ್ತೇವೆ. ಇಂದು ಉದ್ಯಮ ಆರಂಭಿಸುವ ಮಗನಿಗೆ ಆರೇ ತಿಂಗಳಲ್ಲಿ ಲಾಭ ತೋರಿಸೆಂದು ಒತ್ತಾಯಿಸುವ ಹಿರಿಯರು ಆ ಒಂಬತ್ತು ವರ್ಷಗಳನ್ನು ನೆನೆಯಬೇಕು.

ಎಲ್ಲ ವಿದ್ಯೆಯೂ ಅರಮನೆಯಿಂದ ಬಂದುದಲ್ಲ. ಆನೆಗೊಂದಿಯ ಬಳಿ ಜನರೂ ಎತ್ತುಗಳೂ ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಪಾಯೆಸ್ ಕಂಡಿದ್ದಾನೆ. ಹರಿಗೋಲು ಇಂದಿಗೂ ಅಲ್ಲಿ ತೇಲುತ್ತಿದೆ. ಬಂಡೆಗಳ ಹೊಳೆಯಲ್ಲಿ ಚೂಪು ಮೂತಿಯ ದೋಣಿಗಿಂತ ದುಂಡನೆಯದೇ ಸುರಕ್ಷಿತವೆಂದು ಕಂಡುಕೊಂಡ ಅಂಬಿಗನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅಲ್ಲಾಹನ ಬಳಿ ಅವನ ಲೆಕ್ಕ ತಪ್ಪಿಹೋಗದು.

1565ರ ಕಹಿ ಪಾಠ

ಇಲ್ಲಿಯವರೆಗಿನ ಕಥೆ ಹೇಳಲು ಹಿತವಾದುದು. ಆದರೆ ಇತಿಹಾಸವನ್ನು ಅರ್ಧ ಹೇಳುವುದು ನ್ಯಾಯವಲ್ಲ. ನಮ್ಮ ವಿರುದ್ಧವೇ ಆದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯ(4:135) ಆದೇಶಿಸಿದೆ. 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿ ಯುದ್ಧದಲ್ಲಿ ರಾಮರಾಯನು ಸೋತ ನಂತರ ದಕ್ಷಿಣದ ಸುಲ್ತಾನರ ಸೇನೆಗಳು ಈ ನಗರವನ್ನು ಪ್ರವೇಶಿಸಿದವು. ಲೂಟಿಯಾಯಿತು, ಬೆಂಕಿ ಬಿತ್ತು, ನಗರ ಪಾಳುಬಿದ್ದಿತು. ಇದನ್ನು ಮುಚ್ಚಿಡಬೇಕಾಗಿಲ್ಲ, ಸಮರ್ಥಿಸಬೇಕಾಗಿಯೂ ಇಲ್ಲ. ಯುದ್ಧದಲ್ಲಿ ಸಾಮಾನ್ಯ ಜನರನ್ನೂ ಪೂಜಾಸ್ಥಳಗಳನ್ನೂ ಮುಟ್ಟಬಾರದೆಂಬ ಶರೀಅತ್ತಿನ ಮಾತು ಸುಲ್ತಾನರಿಗೂ ಅನ್ವಯವಾಗುತ್ತಿತ್ತು.

ಹಾಗೆಂದು ಇದನ್ನು ಎರಡು ಧರ್ಮಗಳ ಕಾಳಗವೆಂದು ಚಿತ್ರಿಸುವುದೂ ಸತ್ಯಕ್ಕೆ ದೂರ. ರಾಮರಾಯನು ಮೊದಲು ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. ಅವನನ್ನು ಎದುರಿಸಿದ ಇಬ್ರಾಹೀಮ್ ಕುತುಬ್ ಶಾಹ ಅರಸನಾಗುವ ಮೊದಲು ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದವನು. ರಾಮರಾಯನ ಸೇನೆಯಲ್ಲಿ ಮುಸ್ಲಿಮ್ ಸರದಾರರಿದ್ದರು. ಅಧಿಕಾರದ ಹಟ, ಸೇಡು, ಪರಸ್ಪರ ಅಪನಂಬಿಕೆಗಳು ಬೆಳೆದು ಈ ದುರಂತ ಸಂಭವಿಸಿತು. 200 ವರ್ಷ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ನಗರ ಕೆಲವೇ ತಿಂಗಳಲ್ಲಿ ಪಾಳಾಯಿತು.

ಆದರೂ ಕಾಲುವೆಗಳು ಉಳಿದವು. ಅರಮನೆಗಳು ಬಿದ್ದ ಮೇಲೂ ರೈತರು ಹೂಳೆತ್ತಿದರು, ತೂಬು ಸರಿಪಡಿಸಿದರು. ಜನರಿಗೆ ಉಪಕಾರವಾಗುವಂಥದು ಭೂಮಿಯಲ್ಲಿ ಉಳಿಯುತ್ತದೆ, ನೊರೆ ಹಾರಿಹೋಗುತ್ತದೆ ಎಂಬ ಅರ್‌ರಅದ್ ಅಧ್ಯಾಯದ(13:17) ಉಪಮೆಯನ್ನು ತುರ್ತಾ ಕಾಲುವೆಯ ದಡದಲ್ಲಿ ನಿಂತು ಕಣ್ಣಾರೆ ಕಾಣಬಹುದು.

ಸಂಡೂರಿನ ಕಬ್ಬಿಣ ಮತ್ತು ಸೂಜಿ

ಸಂಡೂರಿನ ಬೆಟ್ಟಗಳಲ್ಲಿ ಅಲ್ಲಾಹನು ಕಬ್ಬಿಣವನ್ನು ಇರಿಸಿದ್ದಾನೆ. ಕಬ್ಬಿಣದಲ್ಲಿ ಭೀಕರ ಶಕ್ತಿಯೂ ಜನರಿಗೆ ಪ್ರಯೋಜನವೂ ಇದೆಯೆಂದು ಅಲ್‌ಹದೀದ್ ಅಧ್ಯಾಯ(57:25) ತಿಳಿಸುತ್ತದೆ. ಅದೇ ವಚನವು ಕಬ್ಬಿಣಕ್ಕಿಂತ ಮೊದಲು ಗ್ರಂಥವನ್ನೂ ತಕ್ಕಡಿಯನ್ನೂ ಹೆಸರಿಸುತ್ತದೆ. ತಕ್ಕಡಿಯಿಲ್ಲದ ಕಬ್ಬಿಣ ಏನಾಗುತ್ತದೆಂಬುದನ್ನು ಈ ಸೀಮೆ ಕಂಡಿದೆ. ಅದಿರಿಗೆ ಬೆಲೆ ಬಂದಾಗ ಬೆಟ್ಟಗಳು ಮಿತಿಮೀರಿ ಅಗೆಯಲ್ಪಟ್ಟವು, ರಸ್ತೆ, ಹೊಲಗಳು ಕೆಂಪು ಧೂಳಿನಲ್ಲಿ ಮುಳುಗಿದವು. ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ಲಾಭ ಕಂಡವರು ಕೆಲವರು, ಕೆಲಸ ಕಳೆದುಕೊಂಡ ಲಾರಿ ಚಾಲಕರೂ ಕೂಲಿಗಳೂ ಸಾವಿರಾರು.

ಅದೇ ಸಂಡೂರಿನಲ್ಲಿ ಇನ್ನೊಂದು ಬಗೆಯ ಉದ್ಯಮವೂ ಇದೆ. ಅಲ್ಲಿನ ಕುಶಲಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ತಾಯಿ ಅಜ್ಜಿಯರಿಂದ ಕಲಿತ ಕಸೂತಿಯನ್ನು ಹೊಸ ಬಟ್ಟೆ, ಹೊಸ ಬಳಕೆಗಳಿಗೆ ಒಗ್ಗಿಸಿಕೊಂಡಿದ್ದಾರೆ. ಕನ್ನಡಿ, ಕವಡೆ, ಬಣ್ಣದ ದಾರಗಳ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಬೆಟ್ಟವನ್ನು ಕೊರೆಯದೆ, ಯಾರ ಹಕ್ಕನ್ನೂ ಕಸಿಯದೆ ಒಂದು ಸೂಜಿ ಗಳಿಸಿದ ಗೌರವವಿದು. ನಮ್ಮ ಮನೆಗಳಲ್ಲಿಯೂ ಝರಿ, ಕಸೂತಿ, ಹೊಲಿಗೆ ಬಲ್ಲ ಹೆಣ್ಣುಮಕ್ಕಳಿದ್ದಾರೆ. ಅವರ ಕೈಚಳಕಕ್ಕೆ ಮಾರುಕಟ್ಟೆಯ ದಾರಿ ತೋರಿಸುವುದು ಜಮಾಅತಿನ ಹೊಣೆಯಲ್ಲವೇ?

ಬಿರುಕು ಬಂದಾಗ ಬೇಕಾಗುವ ವಿದ್ಯೆ

ಹೊಸಪೇಟೆಯ ತುಂಗಭದ್ರಾ ಜಲಾಶಯದ ಕಾಮಗಾರಿ ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯಗಳ ಸಹಯೋಗದಲ್ಲಿ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಯಿತು. ಅದು ಕಾಂಕ್ರೀಟಿನದಲ್ಲ, ಕಲ್ಲಿನ ಕಟ್ಟಡ, ಬೆಸುಗೆಗೆ ಸುಣ್ಣ, ಇಟ್ಟಿಗೆ ಪುಡಿಗಳ ಸುರ್ಕಿ ಗಾರೆಯನ್ನು ಬಳಸಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, ಅದರ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಮೂರು ರಾಜ್ಯಗಳ ರೈತರ ಬೆಳೆ ಅಪಾಯದಲ್ಲಿತ್ತು. ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ರಭಸದಿಂದ ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಪಟ್ಟಿಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನು ತಡೆದರು.

ಈ ಕೆಲಸದಲ್ಲಿ ಹಿರಿಯರ ಅನುಭವ, ಎಂಜಿನಿಯರರ ಲೆಕ್ಕ, ವೆಲ್ಡಿಂಗ್ ಮಾಡುವವರ, ಕ್ರೇನ್ ನಡೆಸುವವರ ಕೈಗಳು ಒಂದಾದವು. ಅಲ್‌ಕಹ್ಫ್ ಅಧ್ಯಾಯದ(18:94-98) ದುಲ್‌ಕರ್ನೈನರ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಜನರು ಹಣ ಕೊಡಲು ಮುಂದಾದಾಗ ಅವರು ಅದನ್ನು ಒಲ್ಲದೆ ದುಡಿಮೆಯ ನೆರವನ್ನು ಮಾತ್ರ ಕೇಳಿದರು. ಕಬ್ಬಿಣದ ತುಂಡುಗಳನ್ನು ಪೇರಿಸಿ, ಕಾಯಿಸಿ, ಕರಗಿಸಿದ ತಾಮ್ರ ಸುರಿದು ಗೋಡೆ ಕಟ್ಟಿದರು. ಕೆಲಸ ಮುಗಿದಾಗ ಇದು ನನ್ನ ಪ್ರಭುವಿನ ಕರುಣೆಯೆಂದರು. ತಂತ್ರವಿದ್ಯೆ, ಸಾಮೂಹಿಕ ಶ್ರಮ, ವಿನಯ ಈ ಮೂರೂ ಅಲ್ಲಿ ಒಟ್ಟಿಗಿವೆ.

ಬಂಧುಗಳೇ, ಗ್ಯಾರೇಜಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮುಂದೆ ದುಡಿಯುವ ನಮ್ಮ ಮಕ್ಕಳ ಕಸುಬನ್ನು ಕೀಳಾಗಿ ಕಾಣುವುದನ್ನು ನಿಲ್ಲಿಸೋಣ. ದಾವೂದರು(ಅ) ಸ್ವಂತ ಕೈಯ ದುಡಿಮೆಯಿಂದ ಉಣ್ಣುತ್ತಿದ್ದರೆಂದು ಬುಖಾರಿಯ ಹದೀಸ್ ಹೇಳುತ್ತದೆ. ಆದರೆ ಕಸುಬು ಮಾಮೂಲಿಯಾಗಿ ನಿಂತುಬಿಡಬಾರದು. ಅದಕ್ಕೆ ಓದು ಸೇರಬೇಕು, ಅಳತೆ ಸೇರಬೇಕು, ಹೊಸ ಯೋಚನೆ ಸೇರಬೇಕು. ರಜೆಯಲ್ಲಿ ಮಕ್ಕಳನ್ನು ಹಂಪಿಗೆ ಕರೆದೊಯ್ದಾಗ ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಂಡು ಮರಳಿದರೆ ಸಾಲದು. ಅಹ್ಮದ್ ಖಾನನ ಮಸೀದಿಯ ಕಂಬಗಳನ್ನೂ ಆನೆಲಾಯದ ಗುಮ್ಮಟಗಳನ್ನೂ ಒಂದೇ ದಿನ ತೋರಿಸಿ, ಯಾರದು ಯಾರಿಂದ ಬಂತೆಂದು ಅವರನ್ನೇ ಕೇಳಬೇಕು. ಈ ನೆಲದಲ್ಲಿ ತಮ್ಮ ಪಾಲೆಷ್ಟು, ತಮ್ಮ ಹೊಣೆಯೆಷ್ಟು ಎಂಬುದು ಆಗ ಅವರಿಗೆ ತಾನಾಗಿ ತಿಳಿದೀತು.

ದೀನಿನಲ್ಲಿ ದೃಢತೆಯನ್ನೂ ದುನಿಯಾದ ವಿದ್ಯೆಗಳಲ್ಲಿ ಹೊಸತನವನ್ನೂ ವ್ಯಾಪಾರದಲ್ಲಿ ಅಮಾನತನ್ನೂ ಅಲ್ಲಾಹನು ನಮಗೆ ಕರುಣಿಸಲಿ. ನಮ್ಮ ಕೈಗಳಿಂದ ಈ ನಾಡಿಗೆ ಉಪಕಾರವಾಗುವಂಥದನ್ನೇ ಮಾಡಿಸಲಿ. ಆಮೀನ್.